ಬೀದಿ ಸೀನು

ನನ್ನ ಮಗಳಿಗೆ ಗೊತ್ತಿರುವುದು ಒಂದೇ ಒಂದು ಕನ್ನಡ ಪದ, ಅದೂ ಇಂಗ್ಲಿಷಿನದು ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುತ್ತಿದ್ದೆ. ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಪಾಠ ಮಾಡುವವಳು ನಾನು. ಸಾಲದೆಂದು ಸಿಟ್ಟಿನವಳು ಬೇರೆ. ಮಗಳು ಬೆಂಗಳೂರಿನ ಕಾಲೇಜಿಗೆ ರೈಲಿನಲ್ಲಿ ಓಡಾಡಲು ಶುರು ಮಾಡಿದ ವರ್ಷವೇ ಈ ‘ಸೀನು’ ನಮ್ಮ ಮನೆಗೆ ಬಂದದ್ದು.

ಬೆಳಗ್ಗೆ ಫೋನು ಎತ್ತಿದಳೆಂದರೆ ‘ಏನ್ ಸೀನು?’ ಎನ್ನುತ್ತಿದ್ದಳು. ಇವತ್ತು ಏನು ಕಾರ್ಯಕ್ರಮ ಎಂದು ಅದರ ಅರ್ಥ. ತಿಂಡಿಗೆ ಉಪ್ಪಿಟ್ಟು ಅಂದರೆ ‘ಸೀನೇ ಇಲ್ಲ’, ತಿನ್ನುವುದಿಲ್ಲ ಎಂದು. ನಾನು ಎರಡು ಮಾತು ಜಾಸ್ತಿ ಬೈದರೆ ‘ಸೀನ್ ಮಾಡ್ಬೇಡಮ್ಮ’. ಹೊಸ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತರೆ ‘ಏನಮ್ಮ, ಸೀನ್ ಹಾಕ್ತಿದೀಯ’. ಗೆಳತಿ ಯಾವನದೋ ಬೈಕು ಹತ್ತಿದರೆ ಅವರಿಬ್ಬರ ಮಧ್ಯೆ ‘ಏನೋ ಸೀನ್ ಇದೆ’. ಪರೀಕ್ಷೆ ಕೆಟ್ಟರೆ ‘ಸೀನ್ ಆಗೋಯ್ತು’. ಇದಕ್ಕೆಲ್ಲ ನಮ್ಮಲ್ಲಿ ಬೇರೆ ಬೇರೆ ಪದಗಳಿವೆ ಕಣೇ, ಒಂದೊಂದಕ್ಕೂ ಒಂದೊಂದು ಇದೆ ಎಂದು ನಾನು ಪಾಠ ಶುರು ಮಾಡಿದರೆ ಅವಳು ಕಿವಿಗೆ ಇಯರ್‌ಫೋನು ತುರುಕಿಕೊಂಡು ಸ್ಟೇಷನ್ನಿನ ಕಡೆ ನಡೆದುಬಿಡುತ್ತಿದ್ದಳು.

ನನಗಿಂತ ಹೆಚ್ಚು ಉರಿಯುತ್ತಿದ್ದವನು ನನ್ನ ಅಪ್ಪ. ಅವನ ಕಾರಣ ಬೇರೆ. ಅದು ಅವನ ಕಸುಬಿನ ಪದ.

ಅಪ್ಪ ಡ್ರಾಮಾ ಸೀನರಿ ಇಟ್ಟುಕೊಂಡಿದ್ದ. ನಮ್ಮ ಕಡೆಯ ಹಳ್ಳಿಗಳಲ್ಲಿ ಊರಿನವರೇ ಬಣ್ಣ ಹಚ್ಚಿಕೊಂಡು ಪೌರಾಣಿಕ ನಾಟಕ ಆಡುತ್ತಾರಲ್ಲ, ಅವರಿಗೆ ಪರದೆ, ಕಿರೀಟ, ಗದೆ, ಸಿಂಹಾಸನ ಎಲ್ಲವನ್ನೂ ಬಾಡಿಗೆಗೆ ಕೊಟ್ಟು, ಕಟ್ಟಿ, ಬಿಚ್ಚಿಕೊಂಡು ಬರುವ ಕೆಲಸ. ಚಿತ್ರ ಬರೆದ ದೊಡ್ಡ ಪರದೆಗೇ ಆ ಕಸುಬಿನವರು ಸೀನು ಅನ್ನುವುದು. ಕಾಡಿನ ಸೀನು, ತೋಟದ ಸೀನು, ದರ್ಬಾರ್ ಸೀನು, ಬೀದಿ ಸೀನು, ಹೀಗೆ ನಮ್ಮಲ್ಲಿ ಆರು ಇದ್ದವು. ಆರನ್ನೂ ಅಪ್ಪನೇ ಅಂಟು ಬೆರೆಸಿದ ಪುಡಿ ಬಣ್ಣದಲ್ಲಿ ಬರೆದಿದ್ದ.

“ಸೀನ್ ಹಾಕ್ಬೇಡ, ಸೀನ್ ಹಾಕ್ಬೇಡ ಅಂತೀಯಲ್ಲ ಕೂಸೇ, ಒಂದ್ ಸೀನು ಹಾಕೋಕೆ ನಾಲ್ಕು ಜನ ಬೇಕು, ಗೊತ್ತಾ ನಿಂಗೆ?” ಎಂದು ಮೊಮ್ಮಗಳನ್ನು ಕೇಳುತ್ತಿದ್ದ. “ಹದಿನಾರಡಿ ಅಗಲ ಐತೆ. ನಿನ್ ಬಾಯೊಳಗೆ ಹೆಂಗ್ ಹಿಡೀತು ಅದು?”

“ನಿಂದು ಹಳೇ ಸೀನು ತಾತ. ನಂದು ಹೊಸಾ ಸೀನು.”

“ಹೊಸದು ಅಂತೆ. ಕಟ್ಟೋಕೆ ಹಗ್ಗ ಇಲ್ಲ, ಸುತ್ತೋಕೆ ಬೊಂಬು ಇಲ್ಲ.”

ಹೀಗೆ ಬೈದುಕೊಂಡೇ ಇಬ್ಬರೂ ಬಲು ಹೊಂದಿಕೊಂಡಿದ್ದರು. ಸಂಜೆ ಅವಳು ಬರುವ ಹೊತ್ತಿಗೆ ಬಾಗಿಲಲ್ಲಿ ಕೂತಿದ್ದು, “ಏನ್ ಸೀನು?” ಎಂದು ಅವನೇ ಮೊದಲು ಕೇಳಿ ಅವಳನ್ನು ನಗಿಸುವಷ್ಟರ ಮಟ್ಟಿಗೆ ಬಂದಿತ್ತು.

ಸೀನುಗಳಿಗೆ ನಮ್ಮ ಮನೆಯ ಕೆಳಗಡೆ, ಬೀದಿಗೆ ಬಾಗಿಲಿದ್ದ ಉದ್ದನೆಯ ಕೋಣೆ. ಗೋಡೆಗೆ ಹೊಡೆದ ಕಬ್ಬಿಣದ ಕೊಕ್ಕೆಗಳ ಮೇಲೆ, ಬೊಂಬಿಗೆ ಸುತ್ತಿದ ಸೀನುಗಳು ಒಂದರ ಮೇಲೊಂದು ಮಲಗಿರುತ್ತಿದ್ದವು. ಮಡಿಸುವಂತಿಲ್ಲ, ಮಡಿಸಿದರೆ ಬಣ್ಣ ಸೀಳುತ್ತದೆ. ನೀರು ತಾಕಿಸುವಂತಿಲ್ಲ, ತಾಕಿದರೆ ಬಣ್ಣ ಇಳಿಯುತ್ತದೆ. ನಾವು ಮಕ್ಕಳಂತೆ ಸಾಕಿದ್ದು ಅವನ್ನು ಎಂದು ಅಮ್ಮ ಹೇಳುತ್ತಿದ್ದಳು. ನನ್ನನ್ನು ಅಷ್ಟು ಜೋಪಾನವಾಗಿ ಸಾಕಿದ ನೆನಪು ನನಗಂತೂ ಇಲ್ಲ.

ವರ್ಷಕ್ಕೊಂದು ಸಲ, ಆಯುಧಪೂಜೆಯ ದಿನ, ಅವನ್ನೆಲ್ಲ ಅಂಗಳಕ್ಕೆ ತಂದು ಎರಡು ಕಂಬಗಳ ನಡುವೆ ಕಟ್ಟಿ ಬಿಚ್ಚುತ್ತಿದ್ದೆವು. ಬೇವಿನ ಸೊಪ್ಪಿನಿಂದ ದೂಳು ಹೊಡೆದು, ಬಿಸಿಲು ತೋರಿಸಿ, ಅರಿಶಿನ ಕುಂಕುಮ ಇಟ್ಟು ಮತ್ತೆ ಸುತ್ತುವುದು. ಅದಕ್ಕೊಂದು ಕ್ರಮ ಇತ್ತು. ಮೊದಲು ಬೀದಿ ಸೀನು. ನಾಟಕದಲ್ಲಿ ಬೀದಿ ಎಲ್ಲಕ್ಕಿಂತ ಮುಂದೆ ಇರುತ್ತದೆ. ಅದರ ಎದುರು ಹಾಸ್ಯದ ಪಾತ್ರಗಳು ಹರಟುತ್ತಿರುವಾಗ ಹಿಂದೆ ಸಿಂಹಾಸನ ಜೋಡಿಸುತ್ತಾರೆ. ಬೀದಿ ಮೇಲಕ್ಕೆ ಹೋದರೆ ಅರಮನೆ ಕಾಣುತ್ತದೆ. ಚಿಕ್ಕವಳಿದ್ದಾಗ ನನಗೆ ಈ ಬೀದಿಯ ಮೇಲೆ ಅಸಡ್ಡೆ. ಚಿನ್ನದ ಬಣ್ಣದ ಕಂಬಗಳಿದ್ದ ದರ್ಬಾರನ್ನು ಮೊದಲು ಬಿಚ್ಚು ಎಂದು ಪ್ರತಿ ವರ್ಷ ಹಟ ಹಿಡಿಯುತ್ತಿದ್ದೆ. ಅಪ್ಪ ಪ್ರತಿ ವರ್ಷವೂ ಅದನ್ನೇ ಹೇಳುತ್ತಿದ್ದ.

“ಬೀದಿ ಮನೇಲಿರೋವಾಗ ದರ್ಬಾರು ಮೊದಲು ಬಿಚ್ಚೋದಾ? ಯಾರಾದ್ರೂ ನೋಡಿದ್ರೆ ನಗ್ತಾರೆ ಕಣವ್ವ. ಬೀದಿ ಹರಿದೋಯ್ತಾ ಇವರದು ಅಂತಾರೆ.”

ಹರಿದಿರಲಿಲ್ಲ, ಆದರೆ ತೇಪೆ ಹೆಚ್ಚು ಇದ್ದದ್ದು ಅದಕ್ಕೇ. ಎಲ್ಲ ನಾಟಕಕ್ಕೂ ಬೇಕಾದದ್ದು, ಎಲ್ಲಕ್ಕಿಂತ ಹೆಚ್ಚು ಏರಿ ಇಳಿದದ್ದು ಅದು. ಎರಡೂ ಕಡೆ ಹೆಂಚಿನ ಮನೆಗಳ ಸಾಲು, ನಡುವೆ ದಾರಿ. ಅಪ್ಪ ಮೊದಲು ಬರೆದಾಗ ಎಲ್ಲ ಮನೆಗಳ ಬಾಗಿಲೂ ಮುಚ್ಚಿತ್ತಂತೆ. ಯಾರೂ ಬದುಕಿಲ್ಲದ ಊರಿನ ಹಾಗೆ ಯಾಕೆ ಬರೆದೆ ಎಂದು ಅಮ್ಮ ಕೇಳಿದಳಂತೆ. ಅವನು ಒಂದು ಮನೆಯ ಬಾಗಿಲು ತೆರೆದು, ಕುಂಚವನ್ನು ಅವಳ ಕೈಗೆ ಕೊಟ್ಟು, ರಂಗೋಲಿ ನೀನೇ ಹಾಕು ಎಂದನಂತೆ. ಹಾಗೆ ಆ ಬೀದಿಯ ಒಂದು ಮನೆಯ ಮುಂದೆ ಅಮ್ಮನ ಕೈಯ ರಂಗೋಲಿ ಇತ್ತು. ಒಂದು ಎಳೆ ಸ್ವಲ್ಪ ಸೊಟ್ಟಗಿತ್ತು. ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ಅವಳ ಕೈಬರಹ ಅಂತ ಮನೆಯಲ್ಲಿ ಒಂದು ಚೀಟಿಯೂ ಇಲ್ಲ, ಅವಳಿಗೆ ಬರೆಯಲು ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಮಾತೂ ಬಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಸೂರು ನೋಡುತ್ತ ಮಲಗಿದ್ದ. ನಾನು “ಅಪ್ಪ, ನಾನು ಯಾರು ಹೇಳು” ಎಂದು ಕೇಳಿ ಕೇಳಿ ಸೋತೆ. ಐದನೆಯ ದಿನ ಮಗಳು ಬಂದವಳು, ಅಳು ತಡೆಯಲು ಏನಾದರೂ ಹೇಳಬೇಕಲ್ಲ, ಹಾಸಿಗೆಯ ಮೇಲೆ ಬಗ್ಗಿ, “ಏನ್ ಸೀನು ತಾತ?” ಎಂದಳು.

“ಸೀನು,” ಎಂದ ಅಪ್ಪ.

ಅಷ್ಟೇ ಉಳಿದಿತ್ತು. ಕೆಲವರಿಗೆ ಹೀಗೆ ಒಂದೇ ಪದ ಉಳಿಯುತ್ತದೆ, ಹೇಳಬೇಕೆಂದದ್ದೆಲ್ಲ ಅದೇ ಪದವಾಗಿ ಬಾಯಿಗೆ ಬರುತ್ತದೆ, ಆದರೆ ನೀವು ಹೇಳುವುದು ಅವರಿಗೆ ಅರ್ಥವಾಗುತ್ತದೆ ಎಂದರು ಡಾಕ್ಟರು. ಅದು ಅವನ ಕಸುಬಿನ ಸೀನೋ, ಮೊಮ್ಮಗಳಿಂದ ಕಲಿತ ಸೀನೋ ಯಾರಿಗೂ ಗೊತ್ತಿಲ್ಲ. ನನಗೆ ಆ ದಿನ ಸಂತೋಷಕ್ಕಿಂತ ಹೆಚ್ಚು ಹೊಟ್ಟೆಯುರಿಯಾಯಿತು. ಇದ್ದೊಬ್ಬ ಮಗಳ ಹೆಸರು ಉಳಿಯಲಿಲ್ಲ, ಅಮ್ಮನ ಹೆಸರು ಉಳಿಯಲಿಲ್ಲ, ಅಷ್ಟು ಮಾತಾಡಿದ ಮನುಷ್ಯನಿಗೆ ಒಂದು ಕನ್ನಡ ಪದ ಉಳಿಯಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಮನೆಗೆ ಕರೆದುಕೊಂಡು ಹೋಗಿ, ಎಷ್ಟು ದಿನ ಅಂತ ಹೇಳಲಾಗದು ಎಂದು ಡಾಕ್ಟರು ಅಂದಾಗ ಕೋಣೆಯ ಪ್ರಶ್ನೆ ಬಂತು. ನಾವಿರುವುದು ಮೇಲೆ, ಮೆಟ್ಟಿಲು ಕಡಿದು. ಅವನ ಮಂಚ ಹಾಕಲು, ಗಾಲಿಕುರ್ಚಿ ತಿರುಗಿಸಲು ಜಾಗ ಇದ್ದದ್ದು ಸೀನಿನ ಕೋಣೆಯಲ್ಲಿ ಮಾತ್ರ. ಅವನು ಬರುವ ಮುನ್ನ ಖಾಲಿಯಾಗಬೇಕು. ನನ್ನ ಗಂಡನಿಗೆ ಫ್ಯಾಕ್ಟರಿಯಲ್ಲಿ ರಜೆ ಮುಗಿದಿತ್ತು. ಸೀನುಗಳನ್ನು ಯಾರೂ ಕೇಳಿ ಬಂದು ಮೂರು ವರ್ಷ ಆಗಿತ್ತು. ಈಗ ಊರುಗಳಲ್ಲಿ ಹಿಂದುಗಡೆ ಎಲ್‌ಇಡಿ ಪರದೆ ಇಡುತ್ತಾರೆ. ಅದರಲ್ಲಿ ಅರಮನೆಯ ಬೆಂಕಿಯೂ ಉರಿಯುತ್ತದೆ, ಕಾಡಿನ ನವಿಲೂ ಕುಣಿಯುತ್ತದೆ. ಇನ್ನು ಇವನಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಈಗ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ, ದೊಡ್ಡಬೆಳವಂಗಲದ ಕಡೆಯ ರೈತ, ಆಸ್ಪತ್ರೆಗೆ ನೋಡಲು ಬಂದಿದ್ದರು. ದನದ ಕೊಟ್ಟಿಗೆಗೆ, ಹುಲ್ಲಿಗೆ ಹೊದಿಸಲು ದಪ್ಪ ಬಟ್ಟೆ ಬೇಕಿತ್ತು ಟೀಚರಮ್ಮ ಎಂದರು. ನಮ್ಮ ಸೀನುಗಳಿವೆ, ತಗೊಂಡು ಹೋಗಿ ಎಂದೆ. ಒಂದನ್ನಾದರೂ ಇಟ್ಟುಕೊಳ್ಳೋಣ ಎಂದು ಬೊಂಬಿನ ತುದಿಗೆ ಕೆಂಪು ಬಣ್ಣ ಬಳಿದಿದ್ದ ದರ್ಬಾರನ್ನು ಎಳೆದು ಪಕ್ಕಕ್ಕಿಟ್ಟೆ, ಆಮೇಲೆ ಮೇಲಕ್ಕೆ ಸಾಗಿಸಿದೆವು. ಅದು ಚೆಂದದ್ದು, ಚಿನ್ನದ ಕಂಬಗಳದ್ದು. ಸುತ್ತಿಟ್ಟ ಬೀದಿಯನ್ನು ನಾನೇ ಒಂದು ತುದಿ ಹಿಡಿದು ಟ್ರ್ಯಾಕ್ಟರಿಗೆ ಏರಿಸಿಕೊಟ್ಟೆ. ಅಮ್ಮನ ರಂಗೋಲಿ ಅದರೊಳಗಿದೆ ಎಂಬುದು ಆ ಹೊತ್ತಿನಲ್ಲಿ ನನ್ನ ತಲೆಗೆ ಬರಲೇ ಇಲ್ಲ.

ಅಪ್ಪ ಆ ಕೋಣೆಗೇ ಬಂದು ಮಲಗಿದ. ಗೋಡೆಗೆ ಬೆಳ್ಳಗೆ ಸುಣ್ಣ ಹೊಡೆಸಿದ್ದೆ, ಕೊಕ್ಕೆಗಳನ್ನು ಕೀಳಿಸಲು ಮರೆತಿದ್ದೆ. ಖಾಲಿ ಕೊಕ್ಕೆಗಳನ್ನು ಅವನು ಒಂದೊಂದಾಗಿ ನೋಡಿದ.

ಹೇಗೋ ದಿನಗಳು ಒಂದು ಲಯಕ್ಕೆ ಬಂದವು. ಆ ಒಂದು ಪದವನ್ನು ಓದಲು ಕಲಿತೆವು. ಕೊನೆಯ ಸ್ವರವನ್ನು ಮೆಲ್ಲಗೆ ಇಳಿಸಿದರೆ ನೀರು. ‘ಸೀ’ಯನ್ನು ಎಳೆದರೆ ಬಚ್ಚಲಿಗೆ ಹೋಗಬೇಕು. ಎರಡು ಸಲ ಪಟಪಟನೆ ಹೇಳಿದರೆ ಫ್ಯಾನು ನಿಲ್ಲಿಸಬೇಕು. ಹಲ್ಲು ಕಚ್ಚಿ ಹೇಳಿದರೆ ನೋವು. ಪಕ್ಕದ ಮನೆಯವರು ಬಂದು ಅರ್ಧ ಗಂಟೆ ಕೊರೆದರೆ ನನ್ನ ಕಡೆ ನೋಡಿ ಹೇಳುವ ‘ಸೀನು’ ಒಂದಿತ್ತು, ಇವರನ್ನು ಕಳಿಸು ಎಂದು. ಮಗಳು ಬಂದಾಗಿನದು ಬೇರೆಯೇ. ಅದರಲ್ಲಿ ಅರ್ಧ ನಗು ಇರುತ್ತಿತ್ತು. ಅವಳೇ ನನಗಿಂತ ಚೆನ್ನಾಗಿ ತಿಳಿದುಕೊಳ್ಳುತ್ತಿದ್ದಳು. ಒಂದು ಪದಕ್ಕೆ ಹತ್ತು ಅರ್ಥ ಇಟ್ಟುಕೊಂಡು ಬದುಕುವ ಅಭ್ಯಾಸ ಅವಳಿಗೆ ಮೊದಲೇ ಇತ್ತು. ಅದಕ್ಕಾಗಿಯೇ ಅವಳನ್ನು ನಾನು ಎಷ್ಟು ಬೈದಿದ್ದೆ.

ಒಂದು ‘ಸೀನು’ ಮಾತ್ರ ಯಾರೂ ಕಲಿಸದೆ ಮೊದಲ ದಿನವೇ ಅರ್ಥವಾಗುವಂಥದ್ದು. ಅಪ್ಪ ಎಡಗೈ ಎತ್ತಿ, ಮುಷ್ಟಿ ಹಿಡಿದು, ಮೇಲಿನಿಂದ ಕೆಳಕ್ಕೆ ಇಲ್ಲದ ಹಗ್ಗ ಎಳೆದು, ನನ್ನ ಮುಖ ನೋಡಿ, “ಸೀನು?” ಎನ್ನುತ್ತಿದ್ದ. ಎಲ್ಲಿ ಎಂದು.

“ನೀರು ಬೇಕಾ ಅಪ್ಪ?” ಎನ್ನುತ್ತಿದ್ದೆ ನಾನು.

ಅವನು ತಲೆ ಅಲ್ಲಾಡಿಸಿ ಮತ್ತೆ ಹಗ್ಗ ಎಳೆಯುತ್ತಿದ್ದ. “ಕಿಟಕಿ ಮುಚ್ಚಲಾ? ದಿಂಬು ಸರಿ ಮಾಡ್ಲಾ?” ಎಂದು ನಾನು ಕೋಣೆಯಲ್ಲಿದ್ದ ವಸ್ತುಗಳನ್ನೆಲ್ಲ ಒಂದೊಂದಾಗಿ ಕೇಳುತ್ತಿದ್ದೆ. ಕೇಳಬೇಕಾದ್ದೊಂದನ್ನು ಬಿಟ್ಟು. ಅವನು ಸೋತು ಕೈ ಇಳಿಸುತ್ತಿದ್ದ.

ಮಗಳು ಒಂದು ಸಂಜೆ ಬಾಗಿಲಲ್ಲಿ ನಿಂತು ನೋಡಿದಳು. ನನ್ನನ್ನು ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋಗಿ, “ಅಮ್ಮ, ತಾತ ಪರದೆ ಕೇಳ್ತಾ ಇರೋದು. ನಿಂಗ್ ಗೊತ್ತಾಗ್ತಿಲ್ವಾ?” ಎಂದಳು.

“ಗೊತ್ತು.”

“ಮತ್ತೆ ಹೇಳ್ಬಿಡು. ಕೊಟ್ಬಿಟ್ಟೆ ಅಂತ ಹೇಳ್ಬಿಡು. ಬೈತಾರಾ ಏನ್ ಈಗ?”

ಬೈಯುವುದಾಗಿದ್ದರೆ ಅವತ್ತೇ ಹೇಳುತ್ತಿದ್ದೆ. ಅವನಿಗೆ ಬೈಯಲೂ ಬೇರೆ ಪದವಿರಲಿಲ್ಲ. ಮರುದಿನ ನಾನೇ ಹೋಗಿ, “ಸೀನೆಲ್ಲ ಮೇಲೆ ಇಟ್ಟಿದೀನಿ ಅಪ್ಪ, ಜೋಪಾನವಾಗಿದೆ. ಆಯುಧಪೂಜೆಗೆ ತೆಗೆಯೋಣ,” ಎಂದುಬಿಟ್ಟೆ. ಅಪ್ಪನ ಮುಖ ಅರಳಿತು. ಆಮೇಲೆ ಅವನು ಕೇಳಲೇ ಇಲ್ಲ, ಕಾದ.

ಆಯುಧಪೂಜೆಗೆ ನಾಲ್ಕು ದಿನ ಇರುವಾಗ ಸ್ಕೂಟರ್ ತೆಗೆದುಕೊಂಡು ದೊಡ್ಡಬೆಳವಂಗಲದ ಕಡೆ ಹೋದೆ. ರಾಗಿ ತೆನೆ ಕಟ್ಟಿತ್ತು. ಆ ರೈತರ ಹೆಂಡತಿ ಕಾಫಿ ಇಟ್ಟರು. ನಾನು ಬಂದ ವಿಷಯ ಹೇಳಿದಾಗ ಅವರಿಬ್ಬರೂ ಮುಖ ಮುಖ ನೋಡಿಕೊಂಡರು.

“ಟಾರ್ಪಾಲ್ ಇದ್ದಂಗೆ ಅಂತ ಅಂದ್ಕೊಂಡ್ವಿ ಟೀಚರಮ್ಮ. ಹುಲ್ಲಿನ ಮೆದೆ ಮೇಲೆ ಹಾಕಿದ್ವಿ. ಮೊದಲ್ನೇ ಮಳೆಗೇ ಬಣ್ಣ ಎಲ್ಲಾ ಬಿಟ್ಕೊಂಡ್ಬಿಡ್ತು. ಹುಲ್ಲೆಲ್ಲ ನೀಲಿ. ಹಸು ಮೂಸೂ ನೋಡ್ಲಿಲ್ಲ,” ಎಂದರು ಅವರು, ತಪ್ಪು ತಮ್ಮದೆಂಬಂತೆ. ನೀರು ತಾಕಿಸಬಾರದು ಎಂದು ಅವರಿಗೆ ಹೇಳಬೇಕಾದವಳು ನಾನು. ಹುಟ್ಟಿದಾಗಿನಿಂದ ಕೇಳಿದ ಮಾತು, ಒಂದು ಸಲ ಹೇಳಿರಲಿಲ್ಲ.

ಬೀದಿ ಸೀನನ್ನು ಕೊಟ್ಟಿಗೆಯ ಒಂದು ಮಗ್ಗುಲಿಗೆ ಗಾಳಿ ಬಾರದ ಹಾಗೆ ಕಟ್ಟಿದ್ದರು, ಅರ್ಧಕ್ಕೆ ಕತ್ತರಿಸಿ. ತೇಪೆಗಳಿಂದ ಗುರುತು ಸಿಕ್ಕಿತು. ಹೆಂಚಿನ ಸಾಲು ಕೆಂಪು ನೀರಾಗಿ ಕೆಳಗಿಳಿದಿತ್ತು. ತೆರೆದ ಬಾಗಿಲಿನ ಒಂದು ಗೆರೆ ಉಳಿದಿತ್ತು. ಅದರ ಮುಂದೆ, ಕರು ಮೈ ಉಜ್ಜುವ ಎತ್ತರದಲ್ಲಿ, ರಂಗೋಲಿ ಇರಬೇಕಿತ್ತು. ಬೆರಳಿಟ್ಟು ನೋಡಿದೆ. ಸಗಣಿ ಒಣಗಿ ಬಟ್ಟೆ ಹಲಗೆಯಾಗಿತ್ತು. ಬಿಚ್ಚಿಕೊಡಲಾ ಎಂದರು ಅವರು. ಬೇಡ ಎಂದೆ. ತಂದರೆ ಅಪ್ಪ ಅದನ್ನು ನೋಡಬೇಕಾಗುತ್ತಿತ್ತು.

ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದೆ. ದರ್ಬಾರು ಇದೆಯಲ್ಲ. ಅದೊಂದನ್ನು ಬಿಚ್ಚಿ ತೋರಿಸಿ, ಮಳೆ ಬರುವ ಹಾಗಿದೆ, ಉಳಿದದ್ದು ಮುಂದಿನ ವರ್ಷ ಎಂದರಾಯಿತು. ಮಾತಿಲ್ಲದವನನ್ನು ನಂಬಿಸುವುದು ಸುಲಭ ಎಂದುಕೊಂಡೆ. ಮೇಷ್ಟ್ರುಗಿರಿಯ ಬುದ್ಧಿ ಅದು, ಪ್ರಶ್ನೆ ಕೇಳಲಾಗದ ಮಗುವಿಗೆ ಪಾಠ ಅರ್ಥವಾಯಿತು ಎಂದುಕೊಳ್ಳುವುದು.

ಆಯುಧಪೂಜೆಯ ಬೆಳಗ್ಗೆ ಅಪ್ಪನಿಗೆ ಸ್ನಾನ ಮಾಡಿಸಿ, ಬಿಳಿ ಪಂಚೆ ಉಡಿಸಿ, ಗಾಲಿಕುರ್ಚಿಯಲ್ಲಿ ಅಂಗಳಕ್ಕೆ ತಂದೆವು. ಮಗಳು ಬೇವಿನ ಸೊಪ್ಪು ಕಿತ್ತು ತಂದು ಅವನ ಎಡಗೈಗೆ ಕೊಟ್ಟಳು. ನಾನು, ಅವಳು, ನನ್ನ ಗಂಡ, ಪಕ್ಕದ ಮನೆಯವರು ಸೇರಿ ದರ್ಬಾರನ್ನು ಹೊತ್ತು ತಂದು ಕಂಬಗಳಿಗೆ ಕಟ್ಟಿ, ಹಗ್ಗ ಬಿಟ್ಟೆವು. ಚಿನ್ನದ ಕಂಬಗಳು, ಕೆಂಪು ನೆಲಹಾಸು, ನವಿಲು ಬರೆದ ಸಿಂಹಾಸನ, ಎಲ್ಲ ಬಿಸಿಲಿಗೆ ಬಿಚ್ಚಿಕೊಂಡಿತು. ಎಷ್ಟೋ ವರ್ಷದ ಮೇಲೆ ನನ್ನ ಹಟ ನಡೆದಿತ್ತು. ಅದು ನನಗೆ ಹೊಳೆದದ್ದು ಪರದೆ ಪೂರ್ತಿ ಕೆಳಗಿಳಿದ ಮೇಲೆ. ದರ್ಬಾರು ಮೊದಲು ಬಿಚ್ಚಿದ್ದೆ. ಬೀದಿ ಮನೆಯಲ್ಲಿರುವಾಗ ಯಾರೂ ಹಾಗೆ ಮಾಡುವುದಿಲ್ಲ.

ಅಪ್ಪ ಅರಮನೆಯನ್ನು ನೋಡಲಿಲ್ಲ. ಅದರ ಮುಂದೆ, ಬೀದಿ ಇಳಿಯಬೇಕಿದ್ದ ಖಾಲಿ ಜಾಗವನ್ನು ನೋಡಿದ. ಸೊಪ್ಪನ್ನು ಮಡಿಲಲ್ಲಿಟ್ಟ. ಎಡಗೈ ಎತ್ತಿ, ಮುಷ್ಟಿ ಹಿಡಿದು, ಒಂದೇ ಒಂದು ಸಲ ಹಗ್ಗ ಎಳೆದ.

“ಸೀನು?”

ಹೇಳಿಬಿಡಬಹುದಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಗಳ ಕಣ್ಣು ತುಂಬಿತ್ತು. ಅಪ್ಪ, ನನ್ನಿಂದ ತಪ್ಪಾಯಿತು ಎನ್ನಲು ಎಷ್ಟು ಹೊತ್ತು ಬೇಕು? ಬೇರೆಯವರಿಗೆಲ್ಲ ಪದ ತಿದ್ದುವ ನನಗೆ ಆ ಮೂರು ಪದ ಬಾಯಿಗೆ ಬರಲಿಲ್ಲ.

“ನೀರು ಬೇಕಾ ಅಪ್ಪ?” ಎಂದೆ.

ಅವನು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಸಣ್ಣವಳಿದ್ದಾಗ ನಾನು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅಮ್ಮನ ಎದುರು ನನ್ನನ್ನು ಬಿಟ್ಟುಕೊಡದೆ ಇರುತ್ತಿದ್ದನಲ್ಲ, ಆ ಮುಖ ಅದು. ಹಗ್ಗ ಹಿಡಿದ ಮುಷ್ಟಿಯನ್ನು ಬಿಚ್ಚಿ, ಕೈಯನ್ನು ನನ್ನ ಕಡೆ ಚಾಚಿದ.

“ಸೀನು,” ಎಂದ, ಕೊನೆಯ ಸ್ವರವನ್ನು ಮೆಲ್ಲಗೆ ಇಳಿಸಿ.

ಅದು ನೀರಿನದು. ನಾನು ಒಳಗೆ ಓಡಿ ಲೋಟ ತಂದೆ. ಬಾಯಾರಿಕೆ ಇಲ್ಲದ ಮನುಷ್ಯ ಒಂದು ಹನಿಯೂ ಉಳಿಸದೆ, ನಿಧಾನವಾಗಿ ಅಷ್ಟನ್ನೂ ಕುಡಿದ. ಆಮೇಲೆ ಬೇವಿನ ಸೊಪ್ಪನ್ನು ಕೈಗೆತ್ತಿಕೊಂಡು ದರ್ಬಾರಿನ ಕಡೆ ಕುರ್ಚಿ ತಳ್ಳು ಎಂದು ಮೊಮ್ಮಗಳಿಗೆ ಸನ್ನೆ ಮಾಡಿ, ಕೈಗೆ ಎಟುಕಿದಷ್ಟು ದೂಳು ಹೊಡೆದ.

ಅದಾದ ಮೇಲೆ ಅಪ್ಪ ನಾಲ್ಕು ತಿಂಗಳು ಇದ್ದ. ನೀರು ಕೇಳಿದ, ಫ್ಯಾನು ನಿಲ್ಲಿಸಲು ಹೇಳಿದ, ಮೊಮ್ಮಗಳು ಬಂದರೆ ನಕ್ಕ. ಆ ಎಡಗೈ ಮತ್ತೆ ಹಗ್ಗ ಎಳೆಯಲಿಲ್ಲ.